ಬುಟ್ಟಿಯಲ್ಲಿ ಉಳಿದ ದಿನಗಳು

ಒಂದು ದಿನ ಎಷ್ಟು ದೊಡ್ಡದು ಎಂದು ಕೇಳಿದರೆ ನೀವು ಇಪ್ಪತ್ನಾಲ್ಕು ತಾಸು ಎನ್ನುತ್ತೀರಿ. ನನ್ನನ್ನು ಕೇಳಿದರೆ ಅರ್ಧ ಜಿಬಿಗಿಂತ ಸ್ವಲ್ಪ ಕಡಿಮೆ ಎನ್ನುತ್ತೇನೆ. ಹಬ್ಬವಿದ್ದರೆ ತುಸು ಹೆಚ್ಚು, ಜಗಳವಾದರೆ ಇನ್ನೂ ಹೆಚ್ಚು. ಬರೀ ಜೋಳ ಹಸನು ಮಾಡುತ್ತ ಕುಳಿತ ದಿನ ಏನೂ ಇಲ್ಲ, ಒಂದು ಮೂಲೆಯಲ್ಲಿ ಮುದುಡಿಕೊಂಡು ಬಿದ್ದಿರುತ್ತದೆ. ನನ್ನ ದಿನಗಳನ್ನು ನಾನು ಹೀಗೆಯೇ ಅಳೆಯಬೇಕು. ಅವು ನನ್ನ ತಲೆಯಲ್ಲಿ ಇರುವುದಿಲ್ಲ, ಪಡಸಾಲೆಯ ಮೂಲೆಯಲ್ಲಿರುವ ಹಳೆಯ ಕಂಪ್ಯೂಟರಿನಲ್ಲಿ ಇರುತ್ತವೆ.

ನಾನು ನೀಲಾಂಬಿಕಾ. ಬೆಟಗೇರಿಯ ಶಾರದಾ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಮೊದಲು ಟೈಪು, ಆಮೇಲೆ ಕಂಪ್ಯೂಟರ್ ಕಲಿಸಿದವಳು. ಗದಗ-ಬೆಟಗೇರಿಯ ಅರ್ಧ ಗುಮಾಸ್ತರು ನನ್ನ ಕೈಯಲ್ಲಿ ಬೈಸಿಕೊಂಡವರೇ. ನಾಲ್ಕು ವರ್ಷದ ಹಿಂದೆ ಮಿದುಳಿಗೆ ಜ್ವರ ಏರಿತು. ಜೀವ ಉಳಿಯಿತು, ಆದರೆ ಅಂದಿನಿಂದ ಹೊಸದೇನೂ ತಲೆಯಲ್ಲಿ ನಿಲ್ಲುವುದಿಲ್ಲ. ಜ್ವರಕ್ಕೆ ಮೊದಲಿನದೆಲ್ಲ ಇದೆ, ಯಾವ ಹುಡುಗ ಯಾವ ಕೀ ತಪ್ಪು ಒತ್ತುತ್ತಿದ್ದ ಎನ್ನುವುದರ ತನಕ ಇದೆ. ಆಮೇಲಿನದು ಮಾತ್ರ ಒಂದು ನಿದ್ದೆಗೆ ಒರೆಸಿ ಹೋಗುತ್ತದೆ.

ಧಾರವಾಡದ ಸ್ಮೃತಿ ಕೇಂದ್ರದವರು ನನ್ನಂಥವರ ಮೇಲೆ ಆಗ ಹೊಸದಾಗಿ ಪ್ರಯೋಗ ಶುರುಮಾಡಿದ್ದರು. ಕಿವಿಯ ಹಿಂದೆ ಒಂದು ಬಿಲ್ಲೆ. ಹಗಲೆಲ್ಲ ನಾನು ಕಂಡದ್ದು, ಕೇಳಿದ್ದು, ಅದರಿಂದ ನನಗೆ ಆದ ಸಂತೋಷ ಸಂಕಟ ಎಲ್ಲವನ್ನೂ ಅದು ಹಿಡಿದಿಡುತ್ತದೆ. ರಾತ್ರಿ ಅದನ್ನು ಕಂಪ್ಯೂಟರಿಗೆ ಜೋಡಿಸಿದರೆ ಆ ದಿನ ಒಂದು ಕಡತವಾಗಿ ಒಳಗೆ ಹೋಗುತ್ತದೆ. ಬೆಳಿಗ್ಗೆ ಹಣೆಗೆ ಒಂದು ಪಟ್ಟಿ ಕಟ್ಟಿ ಗುಂಡಿ ಒತ್ತಿದರೆ, ಜ್ವರದ ನಂತರದ ದಿನಗಳೆಲ್ಲ ಒಂದರ ಬೆನ್ನಿಗೆ ಒಂದು ತಲೆಗೆ ಬಂದು ಕೂಡುತ್ತವೆ. ಒಂದು ಬಟ್ಟಲು ಚಹಾ ಕುಡಿಯುವಷ್ಟು ಹೊತ್ತು ಸಾಕು. ಕಂಪ್ಯೂಟರ್ ಹಳೆಯದು, ನಮ್ಮ ಇನ್‌ಸ್ಟಿಟ್ಯೂಟ್ ಮುಚ್ಚಿದಾಗ ಮನೆಗೆ ಹೊತ್ತು ತಂದದ್ದು. ಆದರೆ ಬದಲಿಸುವಂತಿಲ್ಲ. ಅದು ನನ್ನ ಮಿದುಳಿನ ಲಿಪಿ ಕಲಿತಿದೆ, ಹೊಸದಕ್ಕೆ ಕಲಿಸಲು ಮತ್ತೆ ತಿಂಗಳುಗಟ್ಟಲೆ ಬೇಕು.

ಪಟ್ಟಿ ಕಟ್ಟಿ ಗುಂಡಿ ಒತ್ತುವವರು ನಮ್ಮವರು. ಬೇರೆ ದಾರಿಯಿಲ್ಲ. ಎದ್ದಾಗ ನಾನು ನಾಲ್ಕು ವರ್ಷದ ಹಿಂದಿನ ಹೆಂಗಸು, ಪಟ್ಟಿ ಎಂದರೇನೆಂದೇ ಗೊತ್ತಿರುವುದಿಲ್ಲ. ಆ ಹೊತ್ತಿನಲ್ಲಿ ನಾನು ಏನು ಮಾಡುತ್ತೇನೆ ಎನ್ನುವುದು ಎಲ್ಲಿಯೂ ದಾಖಲಾಗುವುದಿಲ್ಲ, ಬಿಲ್ಲೆ ಇನ್ನೂ ಕಿವಿಗೆ ಬಂದಿರುವುದಿಲ್ಲ. ಕೇಳಿದರೆ ನಮ್ಮವರು, "ಏನಿಲ್ಲ ಬಿಡು, ಸುಮ್ನ ಕುಂತಿರ್ತಿ," ಅನ್ನುತ್ತಿದ್ದರು. ಅವರು ಕರೆಂಟ್ ಆಫೀಸಿನ ನೌಕರ, ಹೆಸರು ಚನ್ನವೀರ. ಅವರ ಆಫೀಸಿಗೆ ಕಂಪ್ಯೂಟರ್ ಬಂದಾಗ ಕಲಿಯಲು ನನ್ನ ಇನ್‌ಸ್ಟಿಟ್ಯೂಟಿಗೆ ಬಂದರು, ಕಲಿತದ್ದು ಕಡಿಮೆ, ಬಂದದ್ದು ಹೆಚ್ಚು. ಆಮೇಲೆ ಹಿರಿಯರ ಮೂಲಕ ಕೇಳಿ ಕಳಿಸಿದರು. ನಮಗೆ ಮಕ್ಕಳಿಲ್ಲ.

ಈ ಶ್ರಾವಣದಲ್ಲಿ ತಪಾಸಣೆಗೆ ಧಾರವಾಡಕ್ಕೆ ಹೋಗಿದ್ದೆವು. ಕೇಂದ್ರದಲ್ಲಿ ಒಂದು ಗಾಜಿನ ಕೋಣೆ ಇದೆ. ಗೋಡೆ ತುಂಬ ಪರದೆಗಳು, ಒಂದೊಂದರಲ್ಲಿ ಒಬ್ಬೊಬ್ಬ ರೋಗಿಯ ದಿನ ಸಣ್ಣ ಅಲೆಯಾಗಿ ಓಡುತ್ತಿರುತ್ತದೆ. ಡಾಕ್ಟರ್ ಅಂಬುಜಾ ದೇಸಾಯಿಯವರು ನಾವು ಹೊತ್ತು ತಂದಿದ್ದ ನನ್ನ ಕಂಪ್ಯೂಟರ್ ಪೆಟ್ಟಿಗೆಯ ಲೆಕ್ಕ ತೆಗೆದು ನೋಡಿ, "ಅಕ್ಕಾರ, ನಿಮ್ಮ ಡಿಸ್ಕಿನ್ಯಾಗ ಇನ್ನೂ ಮೂರನೇ ಒಂದು ಪಾಲು ಜಾಗ ಅದ. ಎರಡು ದೀಪಾವಳಿಗೆ ಚಿಂತಿ ಇಲ್ಲ," ಅಂದರು. ಅಂಕಿಯನ್ನೂ ಓದಿದರು. ಅಂಕಿ ಕೇಳಿದರೆ ಬಿಡುವವಳಲ್ಲ ನಾನು, ಅದು ನೆನಪಿಗೆ ಹೋಯಿತು.

ಆಮೇಲೆ ಅವರು ಕೇಂದ್ರದ ವಸತಿಯ ವಿಷಯ ತೆಗೆದರು. ಅಲ್ಲೇ ಇರುವುದು, ಅಲ್ಲಿಯ ಯಂತ್ರವೇ ದಿನಗಳನ್ನು ಬರೆದು ಬೆಳಿಗ್ಗೆ ತುಂಬುವುದು. ನನ್ನ ಹಳೆಯ ಪೆಟ್ಟಿಗೆಯನ್ನೂ ಅದು ಪಕ್ಕದಲ್ಲಿಟ್ಟುಕೊಂಡೇ ಲಿಪಿ ಕಲಿಯುತ್ತದಂತೆ. ಮನೆಯವರು ತಿಂಗಳಿಗೊಮ್ಮೆ ಬಂದು ನೋಡಬಹುದು.

"ಒಪ್ಪಿಗಿ ಮಾತ್ರ ರೋಗಿಯವರದ ಇರಬೇಕು. ಗಂಡ ಹೇಳಿದ್ರೂ ನಡಿಯೂದಿಲ್ಲ, ತಾಯಿ ಹೇಳಿದ್ರೂ ನಡಿಯೂದಿಲ್ಲ," ಅಂದರು.

"ಏನ್ ಬಂದೈತ್ರಿ ನನಗ, ಮನಿ ಬಿಟ್ಟು ಇಲ್ಲಿ ಬಂದಿರಾಕ?" ಎಂದು ನಕ್ಕೆ. ಡಾಕ್ಟರೂ ನಕ್ಕರು. ನಮ್ಮವರು ಪರದೆಯಲ್ಲಿ ಓಡುವ ಅಲೆಯನ್ನು ನೋಡುತ್ತ ನಿಂತಿದ್ದರು. ಬಸ್ಸಿನಲ್ಲಿ ಅಣ್ಣಿಗೇರಿ ದಾಟುವ ತನಕ ಒಂದು ಮಾತೂ ಆಡಲಿಲ್ಲ. ದಣಿದಿದ್ದಾರೆ ಅಂದುಕೊಂಡೆ.

ಈಗ ಆ ಸಂಜೆಯ ಮಾತು. ಜ್ವರ ಬಂದ ಮೇಲೆ ನಾನು ಬದುಕಿದ ಸಂಜೆಗಳಲ್ಲೇ ಅದು ಚೆಂದದ್ದು. ದಸರೆ ಮುಗಿದು ಸ್ವಲ್ಪ ದಿನವಾಗಿತ್ತು. ನಮ್ಮವರು ಬೇಗ ಬಂದರು, ಕೈಯಲ್ಲಿ ಚುರಮುರಿಯ ಗಿರಮಿಟ್ಟು, ಮಿರ್ಚಿ ಭಜಿ. ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತೆವು. "ನೀಲಾ, ಅದೇನದು, ಕೀಬೋರ್ಡಿಗೆ ಕುಂಕುಮ ಹಚ್ಚಿದ್ದ ಹುಡುಗಿ ಕತಿ?" ಎಂದು ತಾವೇ ಕೇಳಿದರು. ನಾನು ಹೇಳಿದೆ. ಆಯುಧಪೂಜೆಗೆ ಕುಂಕುಮ ನೀರು ಮಾಡಿ ಕೀಲಿಗಳಿಗೆ ಎರೆದವಳ ಕತೆ. ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಇನ್‌ಸ್ಟಿಟ್ಯೂಟಿನ ಒಂದೊಂದೇ ಕತೆ ಹೊರಬಂತು. ಮಾತಿನ ನಡುವೆ ಒಮ್ಮೆ ನಿಟ್ಟುಸಿರು ಬಿಟ್ಟು, "ಕಂಪ್ಯೂಟರಿನಾಗ ಜಾಗ ಮುಗ್ಯಾಕ ಬಂದಂಗ ಕಾಣ್ತೈತಿ. ಇರ್ಲಿ ಬಿಡು, ನೋಡೂಣು," ಅಂದರು. ಅಷ್ಟೇ. ಮತ್ತೆ ಆ ಮಾತು ಎತ್ತಲಿಲ್ಲ.

ಪಾಪ, ಒಬ್ಬರೇ ಎಷ್ಟು ಅಂತ ಚಿಂತೆ ಹೊರಬೇಕು? ನಾನೇ ಬಾಯಿಬಿಟ್ಟೆ. "ಅಲ್ರೀ, ಹಂಗಿದ್ರ ನಾ ಧಾರವಾಡದಾಗ ಇರ್ತೀನಿ. ನೀವು ಭೆಟ್ಟಿಗೆ ಬರ್ತಿರಲ್ಲ."

"ಏ, ಬ್ಯಾಡ ಬ್ಯಾಡ. ನೀ ಇಲ್ದ ಈ ಮನ್ಯಾಗ ನಾ ಹೆಂಗಿರ್ಲಿ?"

"ನಾ ಹೇಳಾಕತ್ತೀನಲ್ಲ. ಡಾಕ್ಟರಿಗೆ ನಾನ ಫೋನ್ ಮಾಡ್ತೀನಿ."

ಅವರ ಕಣ್ಣಲ್ಲಿ ನೀರು ಬಂತು. ನನ್ನ ಕಣ್ಣಲ್ಲೂ ಬಂತು. ಅಂಥ ಗಂಡನಿಗಾಗಿ ಇಷ್ಟಾದರೂ ಮಾಡುವ ಶಕ್ತಿ ನನಗಿದೆಯಲ್ಲ ಎಂದು ಹೆಮ್ಮೆಯಾಯಿತು. ಪ್ರತಿ ಬೆಳಿಗ್ಗೆ ದಿನಗಳು ತಲೆಗೆ ಬಂದು ಕೂಡುವಾಗ ಆ ಸಂಜೆ ಎಲ್ಲಿ ಬರುತ್ತದೋ ಎಂದು ಕಾಯುತ್ತಿದ್ದೆ.

ಹೊರಡುವ ದಿನ ಬಂತು. ಮಧ್ಯಾಹ್ನದ ನಂತರ ಕೇಂದ್ರದ ಗಾಡಿ ಬಂದು ನನ್ನನ್ನೂ ಪೆಟ್ಟಿಗೆಯನ್ನೂ ಕರೆದೊಯ್ಯುವುದು ಎಂದು ಗೊತ್ತಾಗಿತ್ತು. ನಮ್ಮವರು ಅರ್ಧ ದಿನದ ರಜೆ ಹಾಕಿ ಬರುತ್ತೇನೆಂದು ಆಫೀಸಿಗೆ ಹೋಗಿದ್ದರು. ನಾನು ಸೀರೆ ಮಡಚುತ್ತಿದ್ದೆ. ಡಾಕ್ಟರರ ಫೋನು ಬಂತು.

"ಅಕ್ಕಾರ, ಎಷ್ಟು ತುಂಬೇದ, ಎಷ್ಟು ಖಾಲಿ ಅದ, ಅಷ್ಟು ನೋಡಿ ಹೇಳ್ತೀರೇನು? ಇಲ್ಲೆ ಅಷ್ಟು ಜಾಗ ತಯಾರು ಮಾಡಿ ಇಡ್ತೇವಿ. ಯಜಮಾನರು ಬಂದ ಮ್ಯಾಲೆ ಅವರ ಕಡಿಂದ ನೋಡಿಸಿದ್ರೂ ಆತು."

ಯಜಮಾನರ ಕಡೆಯಿಂದ! ಈ ಊರಿಗೆಲ್ಲ ಅದನ್ನು ಕಲಿಸಿದವಳು ನಾನು. ಮೈ ಕಂಪ್ಯೂಟರ್ ತೆರೆದೆ, ಡ್ರೈವಿನ ಮೇಲೆ ಬಲಗುಂಡಿ ಒತ್ತಿ ಪ್ರಾಪರ್ಟೀಸ್‌ಗೆ ಹೋದೆ. ದುಂಡಗಿನ ಚಿತ್ರ ಬಂತು. ಅದನ್ನು ನಾನು ಹೋಳಿಗೆ ಎಂದು ಕಲಿಸುತ್ತಿದ್ದೆ. ನೀಲಿ ತಿಂದದ್ದು, ಗುಲಾಬಿ ಉಳಿದದ್ದು. ಒಂದು ಬ್ಯಾಚಿನವರಾದರೂ ಅದನ್ನು ಮರೆತದ್ದಿಲ್ಲ, ಒಬ್ಬರನ್ನು ಬಿಟ್ಟು. ನಮ್ಮವರು ಯಾವಾಗಲೂ ಉಲ್ಟಾ ಹೇಳಿ ನನ್ನಿಂದ ಬೈಸಿಕೊಳ್ಳುತ್ತಿದ್ದರು.

ಹೋಳಿಗೆಯಲ್ಲಿ ಮೂರನೇ ಒಂದು ಪಾಲಿಗೆ ಸ್ವಲ್ಪ ಕಡಿಮೆ ಗುಲಾಬಿ ಇತ್ತು. ಇನ್ನೂ ಒಂದೂವರೆ ವರ್ಷ ಆರಾಮ. ಜಾಗ ಮುಗಿಯುತ್ತ ಬಂದಿಲ್ಲ, ಏನೂ ಬಂದಿಲ್ಲ. ನನಗೆ ನಗು ಬಂತು. ಇನ್ನೂ ಬಣ್ಣ ಉಲ್ಟಾ ನೋಡುತ್ತಾರಲ್ಲ ಮಹಾರಾಯರು ಅಂದುಕೊಂಡೆ. ಬರಲಿ, ಚೇಷ್ಟೆ ಮಾಡಿ, ಗಾಡಿಯನ್ನು ಹಿಂದಕ್ಕೆ ಕಳಿಸಿ, ಸಂಜೆಗೆ ಇಬ್ಬರೂ ನಗುತ್ತ ಕೂಡಬೇಕು ಎಂದು ಸೀರೆಗಳನ್ನು ಮತ್ತೆ ಕಪಾಟಿಗೆ ಇಟ್ಟೆ.

ಆದರೆ ಕಲಿಸುವವಳ ಚಟ ಬಿಡಬೇಕಲ್ಲ. ಶ್ರಾವಣದ ಅಂಕಿ ತಲೆಯಲ್ಲಿತ್ತು. ಅಲ್ಲಿಂದೀಚೆಗೆ ಬರೆದ ದಿನಗಳ ಕಡತಗಳು ಕಣ್ಣ ಮುಂದೆ ಇದ್ದವು. ಕಳೆದು ನೋಡಿದೆ. ಕೂಡಲಿಲ್ಲ. ಇನ್ನೊಮ್ಮೆ ಕಳೆದೆ. ಆಗಲೂ ಕೂಡಲಿಲ್ಲ. ಒಂಬತ್ತು ದಿನ ಹಿಡಿಸುವಷ್ಟು ಜಾಗ ಎಲ್ಲಿಯೋ ಹೋಗಿತ್ತು.

ಒಂಬತ್ತು ದಿನ. ಶ್ರಾವಣದಿಂದ ಈಚೆಗೆ ನನ್ನ ಎಣಿಕೆಯಲ್ಲಿ ಇಲ್ಲದ ದಿನಗಳೂ ಒಂಬತ್ತೇ. ಆ ದಿನಗಳ ಮರುದಿನ ಪಟ್ಟಿ ಬಿಚ್ಚಿದೊಡನೆ ನಮ್ಮವರು ಒಂದೇ ಮಾತು ಹೇಳಿದ್ದರು: "ನಿನ್ನಿ ಕರೆಂಟ್ ಹೋಗಿತ್ತು ನೀಲಾ, ನಿನ್ನಿ ದಿನ ಬರಿಲಿಲ್ಲ." ಕರೆಂಟ್ ಆಫೀಸಿನವರು ಕರೆಂಟ್ ಹೋಗಿತ್ತು ಅಂದರೆ ಯಾರು ತಾನೆ ನಂಬುವುದಿಲ್ಲ? ಆದರೆ ಬರೆಯದೇ ಹೋದ ದಿನ ಜಾಗ ತಿನ್ನುವುದಿಲ್ಲ. ತಿಂದಿದೆ ಎಂದರೆ ಬರೆದಿದೆ.

ಪರದೆಯ ಮೇಲೆ ಕಸದ ಬುಟ್ಟಿಯ ಚಿತ್ರ ಹುಡುಕಿದೆ. ಇರಲಿಲ್ಲ. ಯಾರೋ ತೆಗೆದಿದ್ದರು. ಪ್ರತಿ ಬ್ಯಾಚಿಗೆ ಮೇಜು ಕುಟ್ಟಿ ಹೇಳುತ್ತಿದ್ದ ಪಾಠ ಅದು: ಅಳಿಸಿದ್ದು ಎಲ್ಲಿಗೂ ಹೋಗುವುದಿಲ್ಲ, ಬುಟ್ಟಿಗೆ ಹೋಗುತ್ತದೆ. ಬುಟ್ಟಿ ಖಾಲಿ ಮಾಡುವ ತನಕ ಜಾಗ ಸಿಗುವುದಿಲ್ಲ. ಚಿತ್ರ ತೆಗೆದರೆ ಬುಟ್ಟಿ ಮಾಯವಾಗುವುದೂ ಇಲ್ಲ. ಪರದೆಯ ಮೇಲ್ತುದಿಯ ವಿಳಾಸದ ಸಾಲಿನಲ್ಲಿ ಅದರ ಹೆಸರು ಬರೆದು ಒತ್ತಿದೆ. ತೆರೆಯಿತು. ಒಳಗೆ ಒಂಬತ್ತು ಕಡತ, ಒಂಬತ್ತು ತಾರೀಖು. ಪಕ್ಕದಲ್ಲಿ ಅಳಿಸಿದ ವೇಳೆ. ಎಲ್ಲವೂ ನಸುಕಿನ ವೇಳೆ, ನಾನು ಏಳುವುದಕ್ಕೆ ಮುಂಚೆ.

ಕಳ್ಳ ಹೊಕ್ಕ ಮನೆಯಲ್ಲಿ ನಿಂತಂತಾಯಿತು, ಆದರೆ ಕದ್ದದ್ದು ಪಾತ್ರೆ ಪಡಗವಲ್ಲ. ಕಡತಗಳನ್ನು ಮೊದಲಿನ ಜಾಗಕ್ಕೆ ಹಾಕಿ, ಹಣೆಗೆ ಪಟ್ಟಿ ನಾನೇ ಕಟ್ಟಿಕೊಂಡು ಗುಂಡಿ ಒತ್ತಿದೆ.

ಒಂಬತ್ತೂ ಬಂದು ಕುಳಿತವು.

ಒಂದು ದಿನ ಉಪ್ಪಿಟ್ಟು ತಿನ್ನುವಾಗ, ಕೇಂದ್ರದಲ್ಲಿ ಇರುತ್ತೀಯಾ ಎಂದು ನಮ್ಮವರು ನೇರವಾಗಿ ಕೇಳಿದ್ದರು. "ನಾ ಏನ್ ಕೂಸಾ, ಎತ್ತಿಕೊಂಡ್ ಹೋಗಿ ಇಟ್ಟು ಬರಾಕ?" ಎಂದು ತಟ್ಟೆ ಸರಿಸಿ ಎದ್ದಿದ್ದೆ. ಇನ್ನೊಂದು ದಿನ ಪೆಟ್ಟಿಗೆ ಹಳೆಯದಾಯಿತು, ಯಾವಾಗ ಕೈಕೊಡುತ್ತದೋ ಎಂದು ಹೆದರಿಸಿದ್ದರು. "ಕೈಕೊಟ್ಟಾಗ ನೋಡೂಣು ಬಿಡ್ರಿ," ಅಂದಿದ್ದೆ. ಮತ್ತೊಂದು ಸಂಜೆ ಮಲ್ಲಿಗೆ ತಂದಿದ್ದರು. "ಏನ್ ಸಮಾಚಾರ? ಮದಿವಿ ಆದ ವರ್ಷ ತಂದವರು ಇವತ್ತ ತಂದೀರಿ?" ಎಂದು ಕೆಣಕಿದ್ದಕ್ಕೆ ಅವರ ಬಾಯಿ ಕಟ್ಟಿತ್ತು. ಆಮೇಲೆ ಒಂದು ಸಲವೂ ಮಲ್ಲಿಗೆ ಇಲ್ಲ. ಒಂದು ದಿನ ಮಾತಿಗೆ ಮಾತು ಬಂದು ಇನ್‌ಸ್ಟಿಟ್ಯೂಟಿನ ಕತೆ ಹೇಳುತ್ತ ನಾನು ಮೆತ್ತಗಾಗಿದ್ದೆ, ಅಷ್ಟರಲ್ಲಿ ಅವರು ಕೇಂದ್ರದ ಹೆಸರೆತ್ತಿ ಕೆಡಿಸಿಕೊಂಡಿದ್ದರು. ಮುಂದಿನ ಸಲ ಕತೆ ಮೊದಲು, ಕೇಂದ್ರ ಆಮೇಲೆ. ಅದೂ ಆಗಲಿಲ್ಲ. ಅದರ ಮುಂದಿನ ಸಲ ಕುಂಕುಮದ ಹುಡುಗಿಯ ಕತೆಗೆ ನಾನು ಹೆಚ್ಚು ನಗುತ್ತೇನೆ ಎಂಬುದನ್ನು ಕಂಡುಕೊಂಡರು. ಕಡೆಗೆ ಕೇಂದ್ರದ ಹೆಸರನ್ನೇ ಎತ್ತಬಾರದು, ನಾನೇ ಎತ್ತುವಂತೆ ಮಾಡಬೇಕು ಎನ್ನುವುದು ಅವರಿಗೆ ಹೊಳೆಯಿತು.

ಹತ್ತನೆಯದೇ ನನ್ನ ಚೆಂದದ ಸಂಜೆ. ಆ ನಗು, ಆ ನಿಟ್ಟುಸಿರು, ಆ 'ಬ್ಯಾಡ ಬ್ಯಾಡ'. ನಾಟಕದವರು ತಾಲೀಮು ಮಾಡುತ್ತಾರಲ್ಲ, ಹಾಗೆ ಒಂಬತ್ತು ಸಲ ನನ್ನ ಮೇಲೆಯೇ ತಾಲೀಮು ನಡೆದಿತ್ತು. ಒಪ್ಪಿದವಳು ನಾನೇ, ಆದರೆ ಒಪ್ಪದ ಒಂಬತ್ತು ಜನ ನೀಲಾಂಬಿಕೆಯರನ್ನು ಕಸದ ಬುಟ್ಟಿಗೆ ಹಾಕಿದ ಮೇಲೆ ಉಳಿದವಳು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಅಳಲಿಲ್ಲ ನಾನು. ಸಿಟ್ಟು ಬಂತು, ಬರೀ ಸಿಟ್ಟು.

ಒಂಬತ್ತರಲ್ಲಿ ಮೊದಲನೆಯದನ್ನು ಇನ್ನೂ ಹೇಳಿಲ್ಲ. ಅದನ್ನು ಹೇಳಲು ನನಗೆ ಈಗಲೂ ಕಷ್ಟ.

ಧಾರವಾಡದಿಂದ ಬಂದ ವಾರವೇ ಇರಬೇಕು. ಅವತ್ತು ಯಾವ ತಿಂಡಿಯೂ ಇಲ್ಲ, ಕತೆಯೂ ಇಲ್ಲ. ಅವರು ಅಡಿಗೆಮನೆಯ ಬಾಗಿಲಿಗೆ ಬಂದು ನಿಂತು ಒಮ್ಮೆಲೇ ಅಂದರು: "ನೀಲಾ, ನನಗ ಸಾಕಾಗೇತಿ. ದಿನಾ ಮುಂಜಾನೆ ನೀ ನನ್ನ ನೋಡಿ ಚೀರ್ತಿ. ಇಷ್ಟ ಮುದುಕ ಹೆಂಗಾದ್ರಿ ಅಂತಿ. ಅವ್ವನ್ನ ಕರೀರಿ ಅಂತಿ. ಅವ್ವ ಸತ್ತು ಮೂರು ವರ್ಷ ಆತು ಅಂತ ದಿನಾ ನಾನ ಹೇಳಬೇಕು, ದಿನಾ ನೀ ಎದಿ ಎದಿ ಬಡ್ಕೊಂಡು ಅಳೂದ ನೋಡಬೇಕು. ಪಟ್ಟಿ ಕಟ್ಟಿದ ಮ್ಯಾಲೆ ನೀ ನಕ್ಕೋತ ಚಹಾ ಕೇಳ್ತಿ. ನಿನಗದು ಗೊತ್ತಿಲ್ಲ. ನನಗ ಗೊತ್ತೈತಿ. ನನ್ನ ಕಡೆ ಆಗಂಗಿಲ್ಲ ಇನ್ನ."

ಆ ದಿನದ ನಾನು ಸಿಟ್ಟು ಮಾಡಲಿಲ್ಲ. ಅದು ಈಗ ನನ್ನ ನೆನಪು, ನನ್ನ ಕೈಗೆ ಅವರ ಕೈಯ ಬಿಸಿ ತಗುಲಿದ್ದೂ ನೆನಪಿದೆ. ಒಲೆ ಆರಿಸಿ, ಅವರನ್ನು ಕೂರಿಸಿ, ನೀರು ಕೊಟ್ಟು ಅಂದಿದ್ದೆ: "ಇಷ್ಟ ದಿನ ಯಾಕ ಹೇಳ್ಲಿಲ್ರಿ? ಒಂದ ರಾತ್ರಿ ಕೊಡ್ರಿ ನನಗ. ವಿಚಾರ ಮಾಡಿ ನಾಳಿ ಹೇಳ್ತೀನಿ."

ಮರುದಿನ ನಸುಕಿನಲ್ಲಿ ಆ ದಿನವನ್ನು ಬುಟ್ಟಿಗೆ ಹಾಕಿದ್ದರು. ಇಲ್ಲ ಅಂದಿರಲಿಲ್ಲ ನಾನು. ನಾಳೆ ಹೇಳುತ್ತೇನೆ ಅಂದಿದ್ದೆ. ಆ ನಾಳೆ ನನಗೆ ಬರಲೇ ಇಲ್ಲ. ಈಗ ಅಳು ಬಂತು.

ಅತ್ತು ಮುಗಿದ ಮೇಲೆ ಒಂದು ಹೆದರಿಕೆ ಮೆಲ್ಲಗೆ ಒಳಗೆ ಬಂತು. ನನಗೆ ಇದೆಲ್ಲ ಗೊತ್ತಾಗಿರುವುದು ಇವತ್ತು. ಇವತ್ತು ಎನ್ನುವುದು ಇನ್ನೂ ಕಿವಿಯ ಹಿಂದಿನ ಬಿಲ್ಲೆಯಲ್ಲಿದೆ. ಗಾಡಿ ಹಿಂದಕ್ಕೆ ಕಳಿಸಿ ಇಲ್ಲೇ ಮಲಗಿದರೆ ನಾಳೆ ನಸುಕಿನಲ್ಲಿ ಹತ್ತನೆಯ ಕಡತ ಬುಟ್ಟಿಗೆ ಬೀಳುತ್ತದೆ, ಈ ಸಲ ಬುಟ್ಟಿಯನ್ನೂ ಖಾಲಿ ಮಾಡುತ್ತಾರೆ. ನಾನು ಎದ್ದು ಚಹಾ ಕೇಳುತ್ತೇನೆ. ಅವರು "ನಿನ್ನಿ ಕರೆಂಟ್ ಹೋಗಿತ್ತು" ಅನ್ನುತ್ತಾರೆ. ನಾನು ನಂಬುತ್ತೇನೆ. ಚೀಟಿ ಬರೆದು ಬಚ್ಚಿಡಬಹುದು. ಆದರೆ ಅನುಭವಿಸದ ಸಿಟ್ಟನ್ನು ಓದಿದರೆ ಏನು ಬಂತು? ಅವರ ಬಾಯಿ ಸಿಹಿ, ಚೀಟಿಗೆ ಒಂದು ಕತೆ ಕಟ್ಟುತ್ತಾರೆ, ನಾನು ಚೀಟಿ ಬಿಟ್ಟು ಅವರನ್ನು ನಂಬುತ್ತೇನೆ. ಇಪ್ಪತ್ತು ವರ್ಷ ಅದನ್ನೇ ಮಾಡಿದ್ದೇನೆ.

ಡಾಕ್ಟರರಿಗೆ ಫೋನು ಹಚ್ಚಿದೆ. ಮೊದಲು ಅವರು ಕೇಳಿದ ಅಂಕಿ ಹೇಳಿದೆ. ಆಮೇಲೆ, "ನಿಮ್ಮಲ್ಲಿ ಬರೆದಿಟ್ಟ ದಿನ ಯಾರ್ ಅಳಿಸಬಹುದ್ರಿ?" ಎಂದು ಕೇಳಿದೆ.

"ಯಾರೂ ಅಳಿಸಾಕ ಬರೂದಿಲ್ಲ ಅಕ್ಕಾರ. ನೀವ ನಿಮ್ಮ ಬಾಯಿಂದ ಎರಡು ಬ್ಯಾರೆ ಬ್ಯಾರೆ ದಿನ ಹೇಳಬೇಕು, ಆವಾಗ ಮಾತ್ರ. ಯಾಕ? ನಾ ಗಾಡಿ ಸಂಗ್ತೀನ ಬರಾಕತ್ತೇನಿ, ಹಾದಿಯಾಗ ಇದ್ದೇನಿ. ಏನಾತು?"

"ಬರ್ರಿ, ಹೇಳ್ತೀನಿ."

ನಮ್ಮವರು ಗಾಡಿಗಿಂತ ಮೊದಲು ಬಂದರು. ಕಪಾಟಿನಲ್ಲಿ ಸೀರೆ ಮರಳಿ ಇಟ್ಟದ್ದು ಕಂಡಿತು, ಕಂಪ್ಯೂಟರಿನ ಪರದೆ ಬೆಳಗುತ್ತಿರುವುದು ಕಂಡಿತು. ನಾನು ಇನ್ನೂ ಬಾಯಿ ತೆರೆದಿರಲಿಲ್ಲ. "ನಾ ಏನೂ ಅಳಿಸಿಲ್ಲ ನೀಲಾ," ಅಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ.

"ಅಳಿಸೀರಿ ಅಂತ ಯಾರ್ ಅಂದ್ರು?"

ಅವರು ಪರದೆ ನೋಡಿದರು. ಬುಟ್ಟಿ ತೆರೆದಿತ್ತು, ಒಳಗೆ ಏನೂ ಇರಲಿಲ್ಲ. ಎಲ್ಲಿ ಹೋದವು ಎಂದು ಕೇಳುವಷ್ಟು ದಡ್ಡರಲ್ಲ. ಗೋಡೆಗೆ ಒರಗಿ ಹಾಗೇ ಕೆಳಗೆ ಕುಳಿತರು.

"ಬುಟ್ಟಿ ಖಾಲಿ ಮಾಡಬೇಕು ಅನ್ನೂದು ಇನ್ನೂ ಕಲೀಲಿಲ್ಲ ನೀವು," ಅಂದೆ.

"ಗೊತ್ತಿತ್ತು. ಖಾಯಂ ಅಳಿಸ್ಲೇನು ಅಂತ ಕೇಳ್ತಿತ್ತು. ಒಂಬತ್ತೂ ಸಲ ಕೇಳ್ತು. ಹೌದು ಒತ್ತಾಕ ಕೈ ಬರ್ಲಿಲ್ಲ ನನಗ."

ಅದನ್ನು ನಂಬಲೋ ಬಿಡಲೋ ನನಗೆ ತಿಳಿಯಲಿಲ್ಲ. ಈಗ ಅವರ ಯಾವ ಮಾತನ್ನು ನಂಬಬೇಕು ಎಂಬುದೇ ತಿಳಿಯದಂತೆ ಮಾಡಿಟ್ಟಿದ್ದರಲ್ಲ, ಅದಕ್ಕೇ ಹೆಚ್ಚು ಸಿಟ್ಟು ಬಂತು.

"ಜಾಗ ಮುಗ್ಯಾಕ ಬಂದೈತಿ ಅಂದ್ರಿ. ಡಿಸ್ಕಿನಾಗ ಬೇಕಾದಷ್ಟು ಜಾಗ ಐತಿ. ಮನ್ಯಾಗ ಜಾಗ ಇಲ್ಲ ಅಂತ ಹೇಳಬೇಕಿತ್ತು."

"ಹಂಗನಬ್ಯಾಡ."

"ಹಂಗ ಅಂದಿದ್ರಿ ನೀವು! ಮೊದಲನೇ ದಿನ ಖರೇನ ಹೇಳಿದ್ರಿ. ನಾ ಏನ್ ಬೈದ್ನೇನು? ನಾಳಿ ಹೇಳ್ತೀನಿ ಅಂದೆ. ಅದನ್ನ ಯಾಕ ಅಳಿಸಿದ್ರಿ? ಉಳಿದ ಎಂಟೂ ಹಾಳಾಗಿ ಹೋಗ್ಲಿ, ಅದೊಂದನ್ನ ಯಾಕ ಅಳಿಸಿದ್ರಿ ಹೇಳ್ರಿ."

"ನಾಚಿಕಿ ಆತು. ನಿನ್ನ ಗಂಡ ಹಂಗ ಅಂದ ಅನ್ನೂದು ದಿನಾ ಮುಂಜಾನೆ ನಾನ ನಿನ್ನ ತಲೀಗೆ ತುಂಬಬೇಕಿತ್ತಲ್ಲ ನೀಲಾ. ಗುಂಡಿ ಒತ್ತಾವ ನಾನ. ಒತ್ತಾಕ ಆಗ್ಲಿಲ್ಲ."

"ಒಂದ ಸಲ ಅಳಿಸಿದ್ರಿ, ನಾಚಿಕಿ ಅಂತ ತಿಳಕೊಳ್ಳೂಣು. ಮತ್ತ ಎಂಟ ಸಲ?"

ಒಮ್ಮೆ ರುಚಿ ಹತ್ತಿತು, ಅಷ್ಟೇ. ಹೆಂಡತಿ ಬೇಡ ಅಂದದ್ದನ್ನು ಇಲ್ಲವಾಗಿಸುವ ಗುಂಡಿಯೊಂದು ಗಂಡಸಿನ ಕೈಗೆ ಸಿಕ್ಕರೆ ಅವನು ಅದನ್ನು ಒಂದೇ ಸಲ ಒತ್ತಿ ಬಿಡುತ್ತಾನೆಯೇ? ಒಳ್ಳೆಯವನಾದರೂ ಬಿಡುವುದಿಲ್ಲ. ನಮ್ಮವರು ಒಳ್ಳೆಯವರೇ.

ಹೊರಗೆ ಗಾಡಿ ನಿಂತ ಸದ್ದು ಕೇಳಿತು. ಅವರು ಗಡಬಡಿಸಿ ಎದ್ದು ನನ್ನ ಎರಡೂ ಕೈ ಹಿಡಿದುಕೊಂಡರು. "ಹೋಗಬ್ಯಾಡ. ಎಲ್ಲಾ ನಾ ನೋಡ್ಕೋತೀನಿ, ಮೊದಲಿನಂಗ. ಇಲ್ಲೇ ಇರು." ಆ ಒಂಬತ್ತೂ ದಿನ ನಾನು ಕೇಳಬೇಕೆಂದಿದ್ದ ಮಾತು. ಕೇಳಿದಾಗ ಅದರ ಹಿಂದೆ ಅಳಿಸುವ ಇನ್ನೊಂದು ನಸುಕು ಕಂಡಿತು.

ಡಾಕ್ಟರ್ ಅಂಬುಜಾ ಒಳಗೆ ಬಂದರು. ಅವರ ಹಿಂದೆ ಪೆಟ್ಟಿಗೆ ಎತ್ತಲು ಇಬ್ಬರು. ನಾನು ನಡೆದದ್ದನ್ನೆಲ್ಲ ನಮ್ಮವರ ಎದುರಿಗೇ ಹೇಳಿದೆ, ಬಿಡದೆ ಹೇಳಿದೆ. ಡಾಕ್ಟರು ಪೆಟ್ಟಿಗೆ ಎತ್ತಲು ಬಂದವರನ್ನು ಕೈ ತೋರಿಸಿ ತಡೆದರು. "ಇಂಥಾ ಒಪ್ಪಿಗಿ ಒಪ್ಪಿಗಿನ ಅಲ್ಲ ಅಕ್ಕಾರ. ನೀವು ಬರೂ ಕಾರಣ ಇಲ್ಲ. ಗಾಡಿ ವಾಪಸ್ ಒಯ್ತೇವಿ. ಮನಿಗೆ ಬ್ಯಾರೆ ಏನರೆ ವ್ಯವಸ್ಥಾ ಮಾಡೋಣಂತ," ಅಂದರು.

"ಬ್ಯಾಡ್ರಿ. ಇನ್ನೊಮ್ಮೆ ಕೇಳ್ರಿ ನನ್ನ."

"ಏನಂತ?"

"ಕೇಳ್ತೀರಲ್ಲ, ಸ್ವಂತ ಇಚ್ಛಾದಿಂದ ಅಂತ. ಈಗ ಕೇಳ್ರಿ."

ಡಾಕ್ಟರು ನಮ್ಮವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ನೀಲಾಂಬಿಕಾ ಅವರ, ನೀವು ಸ್ವಂತ ಇಚ್ಛಾದಿಂದ ಕೇಂದ್ರಕ್ಕ ಬರಾಕತ್ತೀರೇನು?"

"ಹೌದ್ರಿ. ನನ್ನ ಇಚ್ಛಾದಿಂದ."

ಒಂಬತ್ತು ಸಲ ಬೇಡಿ, ಅಳಿಸಿ, ಮತ್ತೆ ಬೇಡಿದ ಉತ್ತರ ಅದು. ಈಗ ಕಿವಿಗೆ ಬಿದ್ದಾಗ ನಮ್ಮವರು ಕೂಸಿನಂತೆ ಅತ್ತರು. ಪೆಟ್ಟಿಗೆಯ ವೈರು ಬಿಚ್ಚುತ್ತಿದ್ದವರ ಅಡ್ಡ ಬಂದು ಡಾಕ್ಟರರಿಗೆ ಕೈಮುಗಿದರು. "ಒಯ್ರಿ ಮೇಡಂ, ಒಯ್ರಿ. ಆದ್ರ ಇವತ್ತಿಂದೊಂದು ದಿನ ಬಿಡ್ರಿ. ಇದೊಂದು ಬರೀಬ್ಯಾಡ್ರಿ. ಆ ಸಂಜಿ ಒಂದು ನೆನಪಿಟ್ಟುಕೊಂಡು ಹೋಗ್ಲಿ ಆಕಿ. ನನ್ನ ಹಿಂಗ ನೆನಪಿಟ್ಟುಕೊಂಡು ಹೋಗೂದು ಬ್ಯಾಡ. ನೀಲಾ, ನಿನಗ ಚೊಲೋ ಆಗ್ಲಿ ಅಂತ ಹೇಳಾಕತ್ತೀನಿ, ದಿನಾ ಮುಂಜಾನೆ ಇದನ್ನ ನೆನಸಿಕೊಂಡು ಯಾಕ ಸಾಯ್ತಿ?"

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಈ ದಿನ ನನ್ನೊಡನೆ ಬಂದರೆ ಬದುಕಿರುವಷ್ಟು ಕಾಲ ಪ್ರತಿ ಬೆಳಿಗ್ಗೆ ಹೊಸದಾಗಿ ಬಂದು ಕೂಡುತ್ತದೆ, ಇವತ್ತಿನಷ್ಟೇ ಹಸಿಯಾಗಿ. ಬಿಟ್ಟು ಹೋದರೆ ಗಿರಮಿಟ್ಟು ತಿಂದ ಸಂಜೆ ಇರುತ್ತದೆ, ನಗುವ ಗಂಡ ಇರುತ್ತಾನೆ.

ಕಿವಿಯ ಹಿಂದಿನ ಬಿಲ್ಲೆ ತೆಗೆದು ಡಾಕ್ಟರರ ಅಂಗೈಯಲ್ಲಿಟ್ಟೆ.

"ಇವತ್ತಿಂದು ಮೊದಲ ಬರೀರಿ," ಅಂದೆ. ಆಮೇಲೆ ನಮ್ಮವರ ಕಡೆ ತಿರುಗಿದೆ. "ನೀವು ತಿಂಗಳಿಗೊಮ್ಮೆ ಬರ್ರಿ. ಒಳಗ ಬರ್ರಿ ಅಂತ ಕರೀತೀನಿ, ಬಂದ್ರ ಮಾತಾಡ್ತೀನಿ. ಆದ್ರ ನನ್ನ ಮುಂದ ಹೇಳೂದನ್ನ ಮೊದಲನೇ ಸಲಕ್ಕ ಖರೇ ಹೇಳ್ರಿ. ಅಲ್ಲಿ ಎರಡನೇ ಸಲ ಇರಂಗಿಲ್ಲ."

ನಾನು ಚಪ್ಪಲಿ ಮೆಟ್ಟಿಕೊಂಡು ಗಾಡಿ ಹತ್ತಿದೆ.